ಟಾರ್ಪಾಲಿನಡಿಯ ಹಳದಿ ಸಸಿ

ಗದ್ದೆ ಮುಚ್ಚಿ ಅಡಿಕೆ ಹಾಕುವುದೆಂದು ತೀರ್ಮಾನಿಸಿ, ಅಣ್ಣ ಮಣ್ಣಿನ ಲಾರಿಯವನಿಗೂ ಹೇಳಿಯಾಗಿತ್ತು. ನಮ್ಮೂರು ಮೇಳಿಗೆಯ ಸುತ್ತಮುತ್ತ ಎಲ್ಲರೂ ಮಾಡುತ್ತಿರುವುದು ಅದನ್ನೇ. ಅತ್ತಿಗೆ ಮಾತ್ರ ಹಟ ಹಿಡಿದರು.

"ಈ ಒಂದ್ ವರ್ಷ ನಂಗೆ ಬಿಡಿ. ಟ್ರೇಲಿ ಸಸಿ ಮಾಡಿ ಮಷಿನ್ ನಾಟಿ ಮಾಡಿಸ್ತೀನಿ. ಆಗ್ಲಿಲ್ಲ ಅಂದ್ರೆ ಮಣ್ಣು ಹಾಕ್ಸಿ."

ಭತ್ತ ಬಿತ್ತಿದ ಟ್ರೇಗಳನ್ನು ಪೇರಿಸಿ, ಟಾರ್ಪಾಲು ಹೊದಿಸಿ, ಮೊಳಕೆ ಮೇಲೆದ್ದ ಕೂಡಲೇ ಬಿಡಿಸಿ ಹರಡಬೇಕು. ಮಳೆ ಬಿಡದೆ ಟ್ರೇಗಳು ಮುಚ್ಚಿದಂತೆಯೇ ಉಳಿದವು. ಸಸಿಗೆ ಥಂಡಿಯಾದೀತೆಂದು ಅತ್ತಿಗೆ ಬಾಣಂತಿ ಕೋಣೆಯ ಕೂಸಿಗೆ ಹೊದಿಸುವಂತೆ ಮೇಲೊಂದು ಕಂಬಳಿಯನ್ನೂ ಹೊದಿಸಿದರು. ಭಾನುವಾರ ನಾನು ತೀರ್ಥಹಳ್ಳಿಯಿಂದ ಹೋದಾಗ ತೆಗೆದು ನೋಡಿದರೆ, ಸಸಿಯೆಲ್ಲ ಕಾಮಾಲೆ ಬಂದಂತೆ ಹಳದಿ.

"ರೋಗ ಬಿದ್ದಿದೆ. ದನಕ್ಕೆ ಹಾಕು," ಅಂದ ಅಣ್ಣ. ಆ ದನಿಯಲ್ಲಿ ಗೆದ್ದ ಖುಷಿಯಿತ್ತು. ನನಗೆ ಮೈಯೆಲ್ಲ ಉರಿಯಿತು.

"ರೋಗ ಅಲ್ಲ ಮಾರಾಯ, ಕತ್ತಲೆ," ಎಂದೆ. ಕಾಲೇಜಿನಲ್ಲಿ ನಾನು ಕಲಿಸುವುದು ಜೀವಶಾಸ್ತ್ರ. ಕತ್ತಲಲ್ಲಿ ಬೆಳೆದ ಎಲೆಯಲ್ಲಿ ಪತ್ರಹರಿತ್ತಿನ ಹಿಂದಿನ ಹಂತದ ವಸ್ತು ತಯಾರಾಗಿಯೇ ಇರುತ್ತದೆ. ಅದನ್ನು ಹಸಿರಾಗಿಸುವ ಕಿಣ್ವವೂ ಪಕ್ಕದಲ್ಲೇ ಇರುತ್ತದೆ. ಆದರೆ ಬೆಳಕು ಬೀಳದೆ ಆ ಕಿಣ್ವ ಕೆಲಸ ಮಾಡುವುದಿಲ್ಲ. ಹಸಿರಿಲ್ಲದೆ ಎಲೆ ತನ್ನ ಅನ್ನ ತಾನು ಬೇಯಿಸಿಕೊಳ್ಳಲಾರದು.

"ಅಕ್ಕಿ ತೊಳೆದು ನೀರಿಟ್ಟಾಗಿದೆ ಅತ್ತಿಗೆ, ಒಲೆ ಹಚ್ಚೋದೊಂದೇ ಬಾಕಿ."

"ಹಾಗಾದ್ರೆ ಬಿಸಿಲು ಬರೋ ತನಕ ಕಾಯ್ಲಾ?"

"ಬೇಡ, ಒಮ್ಮೆಲೇ ಜೋರು ಬಿಸಿಲು ಬಿದ್ರೆ ಸುಟ್ಟೋಗ್ತಾವೆ. ಈ ಮೋಡದ ಬೆಳಕೇ ಸಾಕು."

ಬೆಳಗಿನಿಂದ ಬೈಸಿಕೊಂಡಿದ್ದ ಮೋಡಕ್ಕೆ ಕಡೆಗೂ ಸ್ವಲ್ಪ ಮರ್ಯಾದೆ ಸಿಕ್ಕಿತು.

ಕೊಟ್ಟಿಗೆಯ ಮಾಡಿನಂಚಿನಲ್ಲಿ ಟ್ರೇಗಳನ್ನು ಹರಡಿದೆವು. ಊಟಕ್ಕೆ ಕೂತರೂ ಅತ್ತಿಗೆಯ ಕಣ್ಣು ಹೊರಗೇ. ದೊಡ್ಡದಾಗಿ ಪಾಠ ಮಾಡಿದ ನನಗೂ ಒಳಗೊಳಗೇ ಅಳುಕು. ಪುಸ್ತಕದಲ್ಲಿ ಸರಿಯಿದ್ದದ್ದು ಕೊಟ್ಟಿಗೆಯಲ್ಲೂ ಸರಿಯಿರಬೇಕಲ್ಲ!

ಸಂಜೆಯ ಕಾಫಿ ಹೊತ್ತಿಗೆ ಎಲೆಗಳಿಗೆ ತೆಳುವಾಗಿ ಹಸಿರು ಹತ್ತಿತ್ತು. ಅತ್ತಿಗೆ ಅತ್ತೇಬಿಟ್ಟರು. ನನಗೂ ಅಳು ಬಂತು, ಸಂತೋಷಕ್ಕೆ.

ಅಣ್ಣ ಬಂದು ಒಂದು ಸಸಿ ಕಿತ್ತು ಕಣ್ಣಿನ ಹತ್ತಿರ ಹಿಡಿದು ನೋಡಿದ. ನೆಟ್‌ವರ್ಕ್ ಸಿಗುವ ಜಗಲಿಯ ಮೂಲೆಗೆ ಹೋಗಿ ಲಾರಿಯವನಿಗೆ ಫೋನ್ ಮಾಡಿದ.

"ಮಣ್ಣು ಬೇಡ ಮಾರಾಯ. ನಮ್ಮನೇಲಿ ನಾಟಿ ಇದೆ."