ಅಕ್ಕ ಹಾಲಿಗೆ ಬೆರೆಸಿದ ಬೇರು

ಮೊನ್ನೆ ಅಂಗಡಿಗೆ ಬಂದ ಸರಕಿನಲ್ಲಿ ಅಶ್ವಗಂಧದ ಪುಡಿಯ ಪೊಟ್ಟಣವೊಂದು ಒಡೆದಿತ್ತು. ಕುದುರೆಯ ಬೆವರಿನಂಥ ಆ ವಾಸನೆ ಮೂಗಿಗೆ ಬಡಿದದ್ದೇ ಮತ್ತಿಗಿರಿಯ ನಮ್ಮ ವಠಾರದ ಪಕ್ಕದ ಮನೆಯ ಅಕ್ಕ ನೆನಪಾದಳು. 

ಅವಳ ಗಂಡ, ನಾನು ಭಾವ ಎನ್ನುತ್ತಿದ್ದವನು, ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ಕೀಲುನೋವಿಗೆಂದು ದಿನಾ ಮಾತ್ರೆ ನುಂಗುತ್ತಿದ್ದ. ನನ್ನ ಮೆಡಿಕಲ್ ಅಂಗಡಿಯಿಂದ ನಾನೇ ತಂದುಕೊಡುತ್ತಿದ್ದೆ. ಮದುವೆಯಾಗಿ ವರ್ಷಗಳಾದರೂ ಮಕ್ಕಳಿರಲಿಲ್ಲ. ಅಕ್ಕನಿಗೆ ಯಾವ ದೋಷವೂ ಇಲ್ಲವೆಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಭಾವನನ್ನೂ ತೋರಿಸೋಣವೆಂದರೆ ಅವಳ ಅತ್ತೆ, "ನನ್ ಮಗ ಗಂಡ್ಸು ಕಣಮ್ಮಿ, ಅವನ್ಗೇನ್ ತೋರ್ಸೋದು?" ಎಂದು ಬಾಯಿ ಮುಚ್ಚಿಸಿದಳು.

ಒಂದು ಮಧ್ಯಾಹ್ನ ಅಕ್ಕ ಮಾತ್ರೆಯ ಡಬ್ಬಿ ಹಿಡಿದು ಅಂಗಡಿಗೆ ಬಂದಳು.

"ಈ ಮಾತ್ರೆ ಸುರು ಮಾಡೋಕ್ ಮುಂಚೆ ಒಂದ್ಸಾರಿ ಬಸ್ರು ನಿಂತಿತ್ತು ತಮ್ಮಾ, ಉಳೀಲಿಲ್ಲ. ಆಮ್ಯಾಕೆ ಇಲ್ವೇ ಇಲ್ಲ. ಇದ್ರಿಂದ್ಲೇ ಏನಾರ ಆಗೈತಾ? ವಸಿ ಓದಿ ಯೋಳು."

ನಾನು ನಕ್ಕುಬಿಟ್ಟೆ. ಕೀಲುನೋವಿಗೂ ಅದಕ್ಕೂ ಏನು ಸಂಬಂಧ ಎಂದೆ. ಡಬ್ಬಿಯೊಳಗೆ ಮಡಿಸಿಟ್ಟಿದ್ದ ಚೀಟಿಯನ್ನು ಬಿಚ್ಚಿ ಕೂಡ ನೋಡಲಿಲ್ಲ…

ಅಕ್ಕ ಸಾನಮಾವು ಕಡೆಯ ತವರಿಗೆ ಹೋಗಿ ಅಶ್ವಗಂಧದ ಬೇರು ತಂದಳು. ಮಾತ್ರೆಯ ಕೆಡುಕನ್ನು ಅದು ತಡೆಯುತ್ತದೆಂದು ಯಾರೋ ಹಿರಿಯರು ಹೇಳಿದ್ದರಂತೆ. ಹೇಳಿದರೆ ಭಾವ ಕುಡಿಯುವವನಲ್ಲ. ಹಾಗಾಗಿ ಬೇರನ್ನು ತೇಯ್ದು ಹೇಳದೆಯೇ ಅವನ ಹಾಲಿಗೆ ಬೆರೆಸುತ್ತಿದ್ದಳು. ಒಂದು ಬೆಳಿಗ್ಗೆ ಅತ್ತೆಯ ಕಣ್ಣಿಗೆ ಬಿತ್ತು.

"ಅಯ್ಯಯ್ಯೋ, ನನ್ ಮಗನ್ಗೆ ಮದ್ದಾಕ್ತಾವ್ಳೆ!"

ಇಡೀ ವಠಾರ ಹೊರಗೆ ಬಂತು. ಅಕ್ಕ ಅಳುತ್ತಾ ಎಲ್ಲವನ್ನೂ ಹೇಳಿದಳು. ಭಾವ ತಲೆ ಎತ್ತಲಿಲ್ಲ. ನಾನೂ ಬಾಗಿಲಲ್ಲೇ ನಿಂತಿದ್ದೆ, ಬಾಯಿಗೆ ಬೀಗ ಹಾಕಿಕೊಂಡು. ಆ ವಾರವೇ ಅವಳನ್ನು ತವರಿಗೆ ಅಟ್ಟಿದರು.

ಭಾವ ಮತ್ತೊಂದು ಮದುವೆಯಾದ. ಅಷ್ಟರಲ್ಲಿ ಆ ಮಾತ್ರೆಯಿಂದ ಮೈಯೆಲ್ಲ ತುರಿಕೆಯಾಗಿ ಡಾಕ್ಟರು ಬೇರೆ ಮಾತ್ರೆ ಬರೆದುಕೊಟ್ಟಿದ್ದರು. ಕೆಲವೇ ತಿಂಗಳಲ್ಲಿ ಹೊಸ ಸೊಸೆ ಬಸುರಿ. ಎಲ್ಲ ಅವಳ ಕಾಲ್ಗುಣ ಎಂದು ಅತ್ತೆ ಸಿಹಿ ಹಂಚಿದಳು. ಆ ದಿನ ನಾನು ಹಳೆಯ ಮಾತ್ರೆಯ ಚೀಟಿಯನ್ನು ಬಿಚ್ಚಿದೆ. ಗಂಡಸರಲ್ಲಿ ವೀರ್ಯಾಣು ಕಡಿಮೆಯಾಗಬಹುದು, ಮಾತ್ರೆ ನಿಲ್ಲಿಸಿದರೆ ಸರಿಹೋಗುತ್ತದೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಬೇರಿನಿಂದ ಉಪಯೋಗವಿತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಆದರೆ ಅಕ್ಕನ ಅನುಮಾನ ನಿಜವಾಗಿತ್ತು.

ಅವಳ ತವರಿಗೆ ಹೋಗಿ ಹೇಳಿದೆ. ರಾಗಿ ಕೇರುತ್ತಿದ್ದವಳು ಕೈ ನಿಲ್ಲಿಸಿದಳು.

"ಅವತ್ತೇ ಓದಿದ್ರೆ ಎಷ್ಟೊತ್ತು ಇಡೀತಿತ್ತು ತಮ್ಮಾ?"

ಮುಂದಿನ ಬಸ್ಸಿಗೇ ವಾಪಸು ಬಂದೆ. ಭಾವನಿಗೆ ಹೇಳುವ ಧೈರ್ಯ ಬರಲಿಲ್ಲ. ವರ್ಷಗಳು ಹೋದವು…

ಈ ವಾರ ಅಕ್ಕ ಜ್ವರದಲ್ಲಿ ತೀರಿಕೊಂಡಳು. ನಿನ್ನೆ ಅಂಗಡಿಗೆ ಬಂದ ಭಾವ, "ಪಾಪ, ಒಳ್ಳೇವ್ಳು. ಮಕ್ಳಿಲ್ದಂಗೇ ಓಗ್ಬುಟ್ಳು. ಏನ್ ಮಾಡೋದು, ಅವ್ಳ್ ಅಣೇಬರ" ಎಂದ.

"ಹಣೆಬರಹ ಅಲ್ಲ ಭಾವ, ನೀನು ನುಂಗ್ತಿದ್ದ ಮಾತ್ರೆ!" ಎಂದು ರಸ್ತೆಗೆ ಕೇಳುವಂತೆ ಕೂಗಿದೆ. ಅವನು ಪಿಳಿಪಿಳಿ ನೋಡುತ್ತ ನಿಂತ. ಅಷ್ಟು ಜೋರಾಗಿ ನಾನು ಎಂದೂ ಕೂಗಿರಲಿಲ್ಲ. ಕೇಳಬೇಕಾಗಿದ್ದವಳು ಮಣ್ಣಾಗಿ ಮೂರು ದಿನವಾಗಿತ್ತು.