ಕೊಳವೆಗೆ ತುಂಬಿದ ಕಬ್ಬಿಣದ ಪುಡಿ

ಫಿಲ್ಟರು ಕೆಟ್ಟದ್ದು ಓದಿನ ಕೊರತೆಯಿಂದಲ್ಲ, ಪಾಕ ನೋಡದೆ ಸುರಿದದ್ದರಿಂದ. ಮೂರನೇ ಕ್ಲಾಸಿಗೇ ಸ್ಲೇಟು ಬಿಟ್ಟವಳು ನಾನು. ಆದರೂ ಇಷ್ಟು ಹೇಳಬಲ್ಲೆ.

ಕಾಫಿ ಫಿಲ್ಟರು ಎಂದುಕೊಳ್ಳಬೇಡಿ. ನನ್ನ ಮೊಮ್ಮಗಳು ಸುಶೀಲ ಬೆಂಗಳೂರಿನ ಲ್ಯಾಬಿನಲ್ಲಿ, ಮಂಜುಗಡ್ಡೆಯೂ ನಡುಗುವಂಥ ಚಳಿಯೊಳಗೆ ಲೋಹದ ಚೂರೊಂದನ್ನಿಟ್ಟು ಅದರ ಕರೆಂಟು ಅಳೆಯುತ್ತಾಳೆ. ಇರುವೆಯ ಉಸಿರಿನಷ್ಟು ಕರೆಂಟು. ಅಳೆಯುವ ತಂತಿಯ ದಾರಿಯಲ್ಲೇ ಮೈಕ್ರೋವೇವ್ ಎಂಬ ಕಾಣದ ಅಲೆಗಳೂ ನುಗ್ಗಿ ಚೂರನ್ನು ಬಿಸಿ ಮಾಡಿ ಲೆಕ್ಕ ಕೆಡಿಸುತ್ತವಂತೆ. ಅದಕ್ಕೆ ತಂತಿಯನ್ನು ಸುರುಳಿ ಸುತ್ತಿ, ಹಿತ್ತಾಳೆ ಕೊಳವೆಯೊಳಗಿಟ್ಟು, ಕಬ್ಬಿಣದ ನುಣ್ಣನೆ ಪುಡಿಯನ್ನು ಅಂಟಿನಲ್ಲಿ ಕಲಸಿ ಸುತ್ತ ತುಂಬಬೇಕು. ಅದೇ ಫಿಲ್ಟರು. ಸೋಮವಾರ ಲ್ಯಾಬಿಗೆ ಆ ಚಳಿ ಹುಟ್ಟಿಸುವ ದ್ರವ ಹೀಲಿಯಂ ಬರುವುದಿತ್ತು. ಅಷ್ಟರೊಳಗೆ ಆಗದಿದ್ದರೆ ಇವಳ ಸರದಿ ಬೇರೆಯವರ ಪಾಲು.

ಮಂಡ್ಯದ ಲೇತಿನ ಅಂಗಡಿಯಲ್ಲಿ ಕೊಳವೆ ಕಡೆಸಿಕೊಂಡು ಬಂದವಳು ಬೆಳಕವಾಡಿಯ ನಮ್ಮ ಜಗಲಿಯಲ್ಲೇ ಕೂತು ಒಂದನ್ನು ತುಂಬಿದಳು. ಗಟ್ಟಿಯಾದ ಮೇಲೆ ಗರಗಸದಲ್ಲಿ ಸೀಳಿದರೆ ಪುಡಿಯೆಲ್ಲ ತಳದಲ್ಲಿ, ಮೇಲೆ ಬರೀ ಅಂಟು. ಅವಳ ಮುಖ ಬಾಡಿತು.

"ನೀರ್‌ನೀರಾಗಿ ಸುರುದ್ರೆ ತಳ ಹಿಡೀದೆ ಇನ್ನೇನ್ ಮಾಡೀತು? ಅಂಟು ಎಳೆ ಬರಗಂಟ ತಡ್ಕೊ, ಆಮೇಲ್ ಪುಡಿ ಆಕು," ಎಂದೆ.

"ಇದು ಬೆಲ್ಲ ಅಲ್ಲ ಕಣಜ್ಜಿ."

"ಬೆಲ್ಲ ಆಗಿದ್ರೆ ತಿಂದಾದ್ರೂ ಬುಡ್ಬೋದಿತ್ತು. ಕಡ್ಡಿ ಕೊಡಿಲ್ಲಿ."

ಆಲೆಮನೆಯ ಕೊಪ್ಪರಿಗೆ ಮುಂದೆ ನಿಂತು ವರ್ಷಗಟ್ಟಲೆ ಪಾಕ ನೋಡಿದ ಕೈ ಇದು. ಹೊಸದಾಗಿ ಕಲಸಿದ ಅಂಟನ್ನು ಕಡ್ಡಿಯಲ್ಲಿ ಎತ್ತೆತ್ತಿ ನೋಡಿದೆ. ಎಳೆ ತುಂಡಾಗದೆ ಇಳಿದ ಗಳಿಗೆಯಲ್ಲಿ "ಈಗ ಆಕು" ಎಂದೆ. ತಡವಾದರೆ ಕಲ್ಲು, ಮೊದಲಾದರೆ ನೀರು. ಇಬ್ಬರೂ ಸೇರಿ ಇನ್ನೊಂದು ಕೊಳವೆಗೆ ಒತ್ತಿ ಒತ್ತಿ ತುಂಬಿದೆವು. ಗಟ್ಟಿಯಾದ ಮೇಲೆ ಅದನ್ನು ಭಾನುವಾರವೇ ಅವಳು ಬೆಂಗಳೂರಿಗೆ ಒಯ್ದಳು.

ಈ ಫಿಲ್ಟರು ಅಲೆಯನ್ನು ಹೊಡೆದು ವಾಪಸು ಅಟ್ಟುವುದಿಲ್ಲವಂತೆ. ಪುಡಿಯೊಳಗೆ ಅಲೆದಾಡಿಸಿ, ದಣಿಸಿ, ಶಾಖ ಮಾಡಿಬಿಡುತ್ತದೆ. ನಾನು ಸೊಸೆಯ ಮಾತಿಗೆ ಇಷ್ಟು ವರ್ಷ ಗೋಡೆಯಾಗಿ ನಿಂತೆ. ಒಂದೊಂದು ಮಾತೂ ಬಡಿದು ಅಷ್ಟೇ ಜೋರಾಗಿ ತಿರುಗಿತು. ನನಗೆ ಯಾರೂ ಪುಡಿ ತುಂಬಿರಲಿಲ್ಲ.

ಗುರುವಾರ ಸಂಜೆ ಬಸ್ಸಿಳಿದ ಸುಶೀಲ ಓಡಿಯೇ ಬಂದಳು. "ಅಲೆಗಳ ಗದ್ದಲ ಅಡಗೋಯ್ತು ಅಜ್ಜಿ, ಗ್ರಾಫಿನ ಗೆರೆ ಒಂಚೂರೂ ನಡುಗ್ನಿಲ್ಲ. ಇನ್ನೂ ಏಳು ತಂತಿ ಅವೆ, ಏಳಕ್ಕೂ ಬೇಕು."

ಮರುದಿನ ಬೆಳಿಗ್ಗೆ ಅವಳ ಜೊತೆ ಮಂಡ್ಯಕ್ಕೆ ಹೋದೆ. ಏಳು ಕೊಳವೆ ಬೇಕು, ಒಳಮೈ ತರಿತರಿಯಾಗಿರಲಿ, ನುಣ್ಣಗಾದರೆ ಚಳಿಗೆ ಅಂಟು ಬಿಟ್ಟುಕೊಳ್ಳುತ್ತದೆ ಎಂದು ಲೇತಿನವನಿಗೆ ಹೇಳಿ, ಅವನ ಪಕ್ಕದಲ್ಲೇ ಸ್ಟೂಲು ಎಳೆದುಕೊಂಡು ಕೂತೆ.