ಮರುಭೂಮಿಯ ಚಳಿಗೆ ಬರೆದ ವರದಿ

ಕುವೈತಿಗೆ ಬಂದ ಮೊದಲ ಜುಲೈನಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿ ಕೈ ಸುಟ್ಟುಕೊಂಡೆ. ಟ್ಯಾಂಕು ತಾರಸಿಯ ಬಿಸಿಲಿನಲ್ಲಿತ್ತು. ಪಕ್ಕದ ಮನೆಯಾಕೆ ನಕ್ಕು, "ಗೀಸರ್ ಆಫ್ ಮಾಡಿಡಿ, ಅದರೊಳಗಿನ ನೀರೇ ಇಲ್ಲಿ ತಣ್ಣೀರು" ಎಂದರು. ನಮ್ಮ ಮೈಸೂರಿನಲ್ಲಿ ಬೀದಿಗೆ ಹತ್ತು ಸೋಲಾರ್ ಹೀಟರ್. ಇಲ್ಲಿ ಇಷ್ಟು ಬಿಸಿಲಿದ್ದೂ ನನ್ನ ಬೀದಿಯಲ್ಲಿ ಒಂದೂ ಕಾಣಲಿಲ್ಲ. ಕರೆಂಟು, ಡೀಸೆಲ್ ಎರಡೂ ಅಗ್ಗ, ಸೂರ್ಯನನ್ನು ಕೇಳುವವರಿಲ್ಲ.

ಅಬು ಹಲೀಫಾದ ಒಂಟಿ ಕೋಣೆಯಲ್ಲಿ ನನ್ನ ವಾಸ. ಮರುಭೂಮಿಯಲ್ಲಿ ಡೀಸೆಲ್ ಜನರೇಟರಿನಿಂದ ನಡೆಯುವ ನಮ್ಮ ಕಂಪನಿಯ ಕೆಲಸಗಾರರ ಕ್ಯಾಂಪಿಗೆ ಸೋಲಾರ್ ಮತ್ತು ಕಡಿಮೆ ಕರೆಂಟಿನಲ್ಲಿ ಹೆಚ್ಚು ಬಿಸಿ ಕೊಡುವ ಹೀಟ್ ಪಂಪ್ ಹಾಕಿದರೆ ಲಾಭವೇ ಎಂದು ಲೆಕ್ಕ ಮಾಡಿ ಹೇಳುವುದು ನನ್ನ ಕೆಲಸ.

ಕುವೈತಿನಲ್ಲಿ ಚಳಿ ಎಂದರೆ ಊರಿನವರು ನಗುತ್ತಾರೆ. 'ಬರ್' ಎಂದು ಇಲ್ಲಿನವರು ಕರೆಯುವ ಮರುಭೂಮಿಯಲ್ಲಿ ಡಿಸೆಂಬರಿನ ಗಾಳಿ ತಗಡಿನ ಗೋಡೆ ದಾಟಿ ಮೂಳೆಗೆ ಇಳಿಯುತ್ತದೆ. ಕ್ಯಾಂಪಿನ ಅಡುಗೆಯವರು ಕಾರ್ಕಳದ ಸದಾಶಿವಣ್ಣ. ಹೋದಾಗಲೆಲ್ಲ ನನಗೆಂದೇ ಗಂಜಿ, ಚಟ್ನಿ ಮಾಡಿಡುತ್ತಿದ್ದರು. ಆ ಊರಲ್ಲದ ಊರಿನಲ್ಲಿ ನನ್ನನ್ನು 'ಉಂಡ್ರಾ?' ಎಂದು ಕೇಳುತ್ತಿದ್ದವರು ಅವರೊಬ್ಬರೇ.

"ಕ್ಯಾಬಿನಿಗೆ ಒಂದೇ ಹಳೇ ಹೀಟರ್ ಮೇಡಂ. ಎಂತಾದ್ರೂ ಬರೀರಿ ಮಾರಾಯ್ರೇ, ಈ ಚಳಿ ತಡೀಲಿಕ್ಕೆ ಆಗುದಿಲ್ಲ."

ಬರೆದೆ. ಹಳೆಯ ಹೀಟರುಗಳು ಎಷ್ಟು ಡೀಸೆಲ್ ನುಂಗುತ್ತವೆಂದು ದಪ್ಪಕ್ಷರದಲ್ಲಿ ತೋರಿಸಿದೆ. ಹೊಸದು ಬರಲೆಂಬ ಆಸೆ. ಮ್ಯಾನೇಜರ್ ಕೊನೆಯ ಪುಟ ಮಾತ್ರ ನೋಡಿದರು.

"ಹಾಕಿದ ದುಡ್ಡು ವಾಪಸ್ ಬರಲು ಒಂಬತ್ತು ವರ್ಷ. ಕ್ಯಾಂಪ್ ಅಲ್ಲಿರೋದು ಮೂರೇ ವರ್ಷ. ಖಲಾಸ್." ಮುಗಿಯಿತು ಎಂದರ್ಥ. ಆಮೇಲೆ ನನ್ನ ದಪ್ಪಕ್ಷರದ ಮೇಲೆ ಬೆರಳಿಟ್ಟರು. "ಇದು ಮಾತ್ರ ಒಳ್ಳೆಯ ಮಾಹಿತಿ."

ಮರುವಾರವೇ ಡೀಸೆಲ್ ಉಳಿಸಲೆಂದು ಹಳೆಯ ಹೀಟರುಗಳನ್ನು ಲಾರಿಗೆ ತುಂಬಿದರು. ಹೊಸದು ಬರುತ್ತದೆಂದು ಕ್ಯಾಂಪಿನವರು ನಂಬಿದರು. ಸದಾಶಿವಣ್ಣ ಫೋನಿನಲ್ಲಿ, "ನಿಮ್ಮಿಂದ ಆಯ್ತು ಮೇಡಂ" ಎಂದಾಗ, ಹೊಸದು ಬರುವುದಿಲ್ಲ ಎಂಬ ನಿಜವನ್ನು ನಾನು ಹೇಳಲಿಲ್ಲ. ನನ್ನ ಇಕಾಮಾ, ಅಂದರೆ ಇಲ್ಲಿ ಇರಲು ಬೇಕಾದ ಪರವಾನಗಿ, ಆ ತಿಂಗಳೇ ಕಂಪನಿಯ ಮೂಲಕ ನವೀಕರಣಕ್ಕೆ ಹೋಗಿತ್ತು.

ಜನವರಿಯ ಒಂದು ಬೆಳಿಗ್ಗೆ ಕ್ಯಾಂಪಿನಲ್ಲಿ ತಿಂಡಿ ಆಗಿರಲಿಲ್ಲ. ಸದಾಶಿವಣ್ಣನ ಕ್ಯಾಬಿನಿನ ಬಾಗಿಲು ಒಡೆದು ನೋಡಿದರೆ, ಎಣ್ಣೆ ಡಬ್ಬದಲ್ಲಿ ಇದ್ದಿಲು ಉರಿಸಿ ಕಿಟಕಿಯ ಸಂದಿಗೆ ಬಟ್ಟೆ ತುರುಕಿ ಅವರೂ ಜೊತೆಗಿದ್ದ ಒಬ್ಬ ವೆಲ್ಡರೂ ಮಲಗಿದ್ದರು. ಇದ್ದಿಲಿನ ವಿಷಗಾಳಿ ಕುಡಿದ ವೆಲ್ಡರ್ ಮತ್ತೆ ಏಳಲಿಲ್ಲ. ಸದಾಶಿವಣ್ಣನಿಗೆ ಆಸ್ಪತ್ರೆಯಲ್ಲಿ ಎಚ್ಚರವಾದದ್ದು ಐದನೆಯ ದಿನ. ನಾನು ಗಂಜಿ ಒಯ್ದೆ. ಅವರು ಚಮಚವನ್ನು ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಮುಖವನ್ನೂ ಹಾಗೆಯೇ ನೋಡಿ, "ಈರ್ ಏರ್?" ಎಂದರು. ತುಳುವಿನಲ್ಲಿ, ನೀವು ಯಾರು ಎಂದು.

ಕಂಪನಿ ಅವರನ್ನು ಊರಿಗೆ ಕಳಿಸಿತು. ನನ್ನ ಹೀಟ್ ಪಂಪೂ ವ್ಯರ್ಥವಾಗಲಿಲ್ಲ. ಮಾಲೀಕರ ಮನೆಯ ಈಜುಕೊಳ ಬೆಚ್ಚಗಿಡಲು ಹಾಕಿಸಿದರು. ಅಲ್ಲಿ ದುಡ್ಡು ಯಾವಾಗ ವಾಪಸ್ ಬರುತ್ತದೆಂದು ಯಾರೂ ಕೇಳಲಿಲ್ಲ. ನನಗೆ ಬಡ್ತಿ ಸಿಕ್ಕಿತು.

ಕಳೆದ ತಿಂಗಳು ಸದಾಶಿವಣ್ಣನ ಹೆಂಡತಿ ಫೋನ್ ಮಾಡಿದ್ದರು.

"ಹೀಟರಿಗೆ ಬರೆದು ಕೊಟ್ಟದ್ದು ನೀವಲ್ವಾ? ಅವರು ಆಗ ಯಾವಾಗ್ಲೂ ಹೇಳ್ತಿದ್ರು. ರಜೆಯಲ್ಲಿ ನಮ್ಮಲ್ಲಿಗೆ ಬನ್ನಿ. ಅವರಿಗೆ ಗುರ್ತ ಸಿಕ್ಕುದಿಲ್ಲ, ಆದ್ರೆ ಊಟ ಮಾಡಿ ಹೋಗಿ. ದೇವರು ನಿಮ್ಮನ್ನು ಚೆನ್ನಾಗಿ ಇಟ್ಟಿರ್ಲಿ."

"ಬರ್ತೀನಿ ಅಕ್ಕ" ಎಂದೆ.

ಈ ವರ್ಷ ರಜೆ ಹಾಕಲಿಲ್ಲ. ಈ ದೇಶ ನನ್ನದಲ್ಲ ಎಂದು ಇಲ್ಲಿ ದಿನಕ್ಕೊಬ್ಬರು ನೆನಪಿಸುತ್ತಾರೆ, ಅದಕ್ಕೆ ಒಗ್ಗಿಹೋಗಿದ್ದೇನೆ. ಊರಿನಲ್ಲಿ ನನಗೊಂದು ಎಲೆ ಹಾಕಿ ಕಾಯುವವರಿದ್ದಾರೆ. ಹೋಗಲು ಹೆದರುತ್ತಿರುವುದು ಅಲ್ಲಿಗೇ.